ಅಮ್ಮನ ಭಾನುವಾರದ ಮಾತ್ರೆ ಮತ್ತು ಭೀಮಾವರಂನ ಸುಬ್ಬರಾವ್

ನಮ್ಮಮ್ಮನ ಮಾತ್ರೆ ಡಬ್ಬಿಗೆ ಏಳು ಖಾನೆ. ಭಾನುವಾರದ ಖಾನೆಯಲ್ಲಿ ಮಾತ್ರ ಒಂದು ಪುಟ್ಟ ಹಳದಿ ಮಾತ್ರೆ ಇರುತ್ತೆ. ಹೆಸರು ಮೆಥೊಟ್ರೆಕ್ಸೇಟ್. ಬೆಳಗಾದರೆ ಬೆರಳ ಗಿಣ್ಣುಗಳೆಲ್ಲ ಊದಿಕೊಂಡು ಹಿಟ್ಟು ನಾದೋಕೂ ಆಗದ ಸ್ಥಿತಿ ಬಂದಾಗ, ಇದು ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಗೊತ್ತಾಗಿ ಶುರುವಾದ ಔಷಧ ಅದು. ವಾರಕ್ಕೆ ಒಂದೇ ದಿನ, ದಿನಾ ತಗೊಂಡರೆ ಜೀವಕ್ಕೇ ಅಪಾಯ ಅಂತ ಡಾಕ್ಟರು ಎರಡೆರಡು ಸಲ ಹೇಳಿ, ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕೊಟ್ಟಿದ್ದರು. ಮಂಗಳವಾರದ ಖಾನೆಯಲ್ಲಿ ಇನ್ನೊಂದು ಮಾತ್ರೆ, ಫೋಲಿಕ್ ಆಸಿಡ್.

ಈ ಎರಡೂ ಮಾತ್ರೆಗಳು ಒಂದಕ್ಕೊಂದು ವಿರುದ್ಧ. ಫೋಲಿಕ್ ಆಸಿಡ್ ಜೀವಕೋಶದೊಳಗೆ ಮಾಡುವ ಕೆಲಸಕ್ಕೆ ಅಡ್ಡಗಾಲು ಹಾಕೋದೇ ಮೆಥೊಟ್ರೆಕ್ಸೇಟಿನ ಕಸುಬು. ಭಾನುವಾರ ಬ್ರೇಕ್ ಒತ್ತಿ ಮಂಗಳವಾರ ಆಕ್ಸಿಲರೇಟರ್ ಒತ್ತೋದ್ಯಾಕೆ ಅಂತ ಇಂಜಿನಿಯರಿಂಗ್ ಓದಿದ ನನ್ನ ತಲೆಗೆ ಹೊಳೆಯಲಿಲ್ಲ. ಕೂತು ಓದುತ್ತಾ ಹೋದೆ. ಔಷಧದ ಅಡ್ಡಪರಿಣಾಮ ತಡೆಯೋದಕ್ಕೆ ಆ ವ್ಯವಸ್ಥೆ ಅನ್ನೋದು ಹತ್ತು ನಿಮಿಷದಲ್ಲೇ ತಿಳಿಯಿತು. ಆದರೆ ಎರಡೂ ಮಾತ್ರೆಗಳ ವಂಶಾವಳಿ ಹಿಡಿದು ಹಿಂದೆ ಹೋದರೆ ಒಂದೇ ಪ್ರಯೋಗಾಲಯ, ಒಬ್ಬನೇ ಮುಖ್ಯಸ್ಥ ಸಿಗುತ್ತಾರೆ ಅನ್ನೋದು ಮಾತ್ರ ನಾನು ನಿರೀಕ್ಷಿಸಿರಲಿಲ್ಲ. ಯಲ್ಲಾಪ್ರಗಡ ಸುಬ್ಬರಾವ್. ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತ್ಯದ ಭೀಮಾವರಂನಲ್ಲಿ. ತೀರಿಕೊಂಡದ್ದು 1948ರ ಆಗಸ್ಟ್‌ನಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ.

ಹೆಸರು ಕೇಳಿದವರು ಬಹಳ ಜನ ಇದ್ದೀರಿ. ಪ್ರತಿ ಜನವರಿಯಲ್ಲಿ ನಮ್ಮ ಫ್ಯಾಮಿಲಿ ಗ್ರೂಪಿಗೂ ಒಂದು ಫಾರ್ವರ್ಡ್ ಬರುತ್ತೆ. ಕ್ಯಾನ್ಸರ್‌ಗೆ ಮದ್ದು ಕಂಡುಹಿಡಿದ ಭಾರತೀಯ, ಬಿಳಿಯರು ನೊಬೆಲ್ ಕದ್ದರು, ಶೇರ್ ಮಾಡಿ ಅಂತ. ಅದರಲ್ಲಿ ಅರ್ಧ ನಿಜ. ಉಳಿದರ್ಧ ಆ ಮನುಷ್ಯ ಕೆಲಸ ಮಾಡಿದ ರೀತಿಗೇ ಅವಮಾನ. ಅದಕ್ಕೇ ಇಷ್ಟು ಬರೆಯಬೇಕಾಯಿತು.

ಬಡತನದ ಮನೆ. ತಂದೆ ಕಂದಾಯ ಇಲಾಖೆಯ ಸಣ್ಣ ನೌಕರ. ಅನಾರೋಗ್ಯದಿಂದ ಬೇಗನೇ ಕೆಲಸ ಬಿಟ್ಟವರು. ಏಳು ಮಕ್ಕಳಲ್ಲಿ ಈತ ನಾಲ್ಕನೆಯವನು. ಹದಿಮೂರನೇ ವಯಸ್ಸಿನಲ್ಲಿ ಮನೆಬಿಟ್ಟು ಓಡಿದ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಶ್ರೀಮಂತನಾಗುವ ಯೋಜನೆ ಹುಡುಗನದು. ತಾಯಿ ವೆಂಕಮ್ಮ ಹಿಡಿದು ತಂದು ಮತ್ತೆ ಶಾಲೆಗೆ ಕೂರಿಸಿದರು. ಮೆಟ್ರಿಕ್ ಪಾಸಾಗಿದ್ದು ಮೂರನೇ ಪ್ರಯತ್ನಕ್ಕೆ. ಅಷ್ಟರಲ್ಲಿ ತಂದೆ ಇರಲಿಲ್ಲ. ಮಗನ ಓದಿಗಾಗಿ ವೆಂಕಮ್ಮ ಒಡವೆ ಮಾರಿದರು, ಮಾಂಗಲ್ಯವನ್ನೂ ಬಿಡಲಿಲ್ಲ ಅಂತ ಅವರ ಜೀವನಚರಿತ್ರೆ ಹೇಳುತ್ತೆ. ಇಷ್ಟಾದ ಮೇಲೂ ಮಗನ ಮನಸ್ಸು ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿಯಾಗುವ ಕಡೆಗಿತ್ತು. ಅದಕ್ಕೂ ತಾಯಿ ಬಿಡಲಿಲ್ಲ. ಕೊನೆಗೆ ಸೇರಿದ್ದು ಮದ್ರಾಸ್ ಮೆಡಿಕಲ್ ಕಾಲೇಜು. ಖರ್ಚಿಗೆ ಹೆಣ್ಣು ಕೊಟ್ಟ ಮಾವ. 1919ರಲ್ಲಿ ಶೇಷಗಿರಿ ಎಂಬ ಹುಡುಗಿಯ ಜೊತೆ ಮದುವೆ. ಈ ಹೆಸರು ನೆನಪಿಟ್ಟುಕೊಳ್ಳಿ, ಫಾರ್ವರ್ಡುಗಳಲ್ಲಿ ಇದು ಬರೋದಿಲ್ಲ.

ಕಾಲೇಜಿನಲ್ಲಿ ಒಂದು ಯಡವಟ್ಟು ಆಯಿತು. ಗಾಂಧಿಯ ಕರೆಗೆ ಓಗೊಟ್ಟು ಈ ವಿದ್ಯಾರ್ಥಿ ಶಸ್ತ್ರಚಿಕಿತ್ಸೆಯ ಕೋಣೆಗೆ ಖಾದಿ ಉಟ್ಟುಕೊಂಡು ಹೋದ. ಬ್ರಿಟಿಷ್ ಪ್ರೊಫೆಸರ್ ಬ್ರಾಡ್‌ಫೀಲ್ಡ್ ಅವರಿಗೆ ಸಿಟ್ಟು ಬಂತು. ಎಲ್ಲ ಓದಿ ಮುಗಿಸಿದರೂ ಕೈಗೆ ಬಂದದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ಸರ್ಕಾರಿ ವೈದ್ಯಕೀಯ ಸೇವೆಯ ಬಾಗಿಲು ಅಲ್ಲಿಗೆ ಮುಚ್ಚಿತು.

ಇದೇ ವರ್ಷಗಳಲ್ಲಿ ಮನೆಗೆ ಇನ್ನೊಂದು ಪೆಟ್ಟು ಬಿತ್ತು. ಇಬ್ಬರು ಸಹೋದರರು ಅಲ್ಪ ಅವಧಿಯಲ್ಲೇ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಕಾಯಿಲೆ ಟ್ರಾಪಿಕಲ್ ಸ್ಪ್ರೂ. ಸಣ್ಣಕರುಳಿನ ಒಳಪದರ ಉರಿಯೂತದಿಂದ ಸವೆದುಹೋಗಿ, ತಿಂದದ್ದು ಮೈಗೆ ಹತ್ತದೆ, ಭೇದಿ ನಿಲ್ಲದೆ, ರಕ್ತ ತೆಳುವಾಗಿ ಮನುಷ್ಯ ಸೊರಗಿ ಸಾಯುವ ರೋಗ. ಅದೇ ಕಾಯಿಲೆ ಸುಬ್ಬರಾಯರಿಗೂ ತಗುಲಿತು. ಆಧುನಿಕ ವೈದ್ಯದ ಬಳಿ ಅದಕ್ಕೆ ಮದ್ದಿರಲಿಲ್ಲ. ಅವರು ಚೇತರಿಸಿಕೊಂಡದ್ದು ಮದ್ರಾಸಿನ ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿಯವರ ಆರೈಕೆಯಲ್ಲಿ. ಆಮೇಲೆ ಅವರದೇ ಆಯುರ್ವೇದ ಕಾಲೇಜಿನಲ್ಲಿ ಶರೀರರಚನೆಯ ಪಾಠ ಮಾಡುವ ಕೆಲಸಕ್ಕೂ ಸೇರಿಕೊಂಡರು. ಎಲ್‌ಎಂಎಸ್ ಡಾಕ್ಟರಿಗೆ ಇದು ಸಿಕ್ಕ ಕೆಲಸ. ಆದರೆ ಸ್ಪ್ರೂ ಅವರ ತಲೆಯಿಂದ ಹೋಗಲಿಲ್ಲ. ಅದನ್ನು ನಾವೂ ಮರೆಯದಿರೋಣ, ಕಥೆ ಮತ್ತೆ ಅಲ್ಲಿಗೇ ಬರುತ್ತೆ.

1920ರ ದಶಕದ ಆರಂಭದಲ್ಲಿ ಮಾವ ಹೊಂದಿಸಿದ ಹಣ, ಕಾಕಿನಾಡದ ದತ್ತಿಯೊಂದರ ನೆರವಿನ ಭರವಸೆ ಇಟ್ಟುಕೊಂಡು ಬೋಸ್ಟನ್‌ಗೆ ಹಡಗು ಹತ್ತಿದರು. ಹಾರ್ವರ್ಡ್‌ನಲ್ಲಿ ಉಷ್ಣವಲಯದ ರೋಗಗಳ ಡಿಪ್ಲೊಮಾಗೆ ಸೀಟು ಸಿಕ್ಕಿತ್ತು. ವಿದ್ಯಾರ್ಥಿವೇತನ ಸಿಕ್ಕಿರಲಿಲ್ಲ. ಹೊಟ್ಟೆಪಾಡಿಗೆ ಅಲ್ಲಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಳಾಗಿ ರೋಗಿಗಳ ಬೆಡ್‌ಪ್ಯಾನ್ ತೊಳೆದರು. ಇದನ್ನು ಕಣ್ಣೀರಿನ ದೃಶ್ಯವಾಗಿ ಹೇಳೋದು ರೂಢಿ. ನನಗೆ ಅದಕ್ಕಿಂತ ಮುಖ್ಯ ಅನಿಸೋದು ಹಗಲಿನಲ್ಲಿ ನಡೆದ ವಿಚಾರ. ಡಿಪ್ಲೊಮಾ ಮುಗಿದ ಮೇಲೆ ಅವರು ಹಾರ್ವರ್ಡ್ ವೈದ್ಯಕೀಯ ಶಾಲೆಯ ಜೀವರಸಾಯನ ವಿಭಾಗ ಸೇರಿ, ಸೈರಸ್ ಫಿಸ್ಕ್ ಎಂಬುವರ ಕೈಕೆಳಗೆ ಒಂದು ನೀರಸವಾದ ಸಮಸ್ಯೆ ಹಿಡಿದರು. ರಕ್ತದಲ್ಲಿ, ಮೂತ್ರದಲ್ಲಿ, ಸ್ನಾಯುವಿನಲ್ಲಿ ರಂಜಕ ಎಷ್ಟಿದೆ ಅಂತ ಅಳೆಯೋದು ಹೇಗೆ?

ರಂಜಕ ಅಂದರೆ ಫಾಸ್ಫರಸ್. ಆ ಕಾಲದ ವಿಧಾನಗಳಿಗೆ ಸಮಯ ಹೆಚ್ಚು, ನಿಖರತೆ ಕಡಿಮೆ. ಫಿಸ್ಕ್ ಮತ್ತು ಸುಬ್ಬರಾವ್ 1925ರಲ್ಲಿ ಪ್ರಕಟಿಸಿದ ವಿಧಾನ ಕಾಲೇಜು ಲ್ಯಾಬಿನಲ್ಲಿ ಯಾರು ಬೇಕಾದರೂ ಮಾಡುವಷ್ಟು ಸರಳ. ದ್ರಾವಣಕ್ಕೆ ಆಮ್ಲೀಯ ಮೊಲಿಬ್ಡೇಟ್ ಸೇರಿಸಿ, ಅದಕ್ಕೊಂದು ಅಪಕರ್ಷಕ ಹಾಕಿದರೆ ನೀಲಿ ಬಣ್ಣ ಬರುತ್ತೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ಬಣ್ಣವನ್ನು ಹೋಲಿಸಿ ನೋಡಿದರೆ ಲೆಕ್ಕ ಸಿಕ್ಕಿತು. ಜೀವರಸಾಯನಶಾಸ್ತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳ ಸಾಲಿನಲ್ಲಿ ಇದೂ ಇದೆ. ಎಷ್ಟೋ ವಿದ್ಯಾರ್ಥಿಗಳು ಇವತ್ತಿಗೂ ಇದನ್ನು ಫಿಸ್ಕ್–ಸುಬ್ಬರಾವ್ ವಿಧಾನ ಅಂತಲೇ ರೆಕಾರ್ಡ್ ಬುಕ್ಕಿನಲ್ಲಿ ಬರೀತಾರೆ, ಆ ಸುಬ್ಬರಾವ್ ಯಾರು ಅಂತ ಕೇಳದೆ.

ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟವಾದ ಭಾಗ. ಇದೇ ವಿಧಾನವನ್ನು ಸ್ನಾಯುವಿನ ರಸದ ಮೇಲೆ ಪ್ರಯೋಗಿಸಿದಾಗ ಲೆಕ್ಕ ಎಡವಟ್ಟಾಯಿತು. ಬಣ್ಣ ಬರಬೇಕಾದ ಹೊತ್ತಿಗೆ ಬಂದು ನಿಲ್ಲಲಿಲ್ಲ. ನಿಧಾನಕ್ಕೆ, ನಿಮಿಷಗಳು ಕಳೆದಂತೆ ಗಾಢವಾಗುತ್ತಾ ಹೋಯಿತು. ನಮ್ಮ ಲ್ಯಾಬಿನಲ್ಲಿ ಹೀಗಾಗಿದ್ದರೆ ನಾವೇನು ಮಾಡ್ತಿದ್ವಿ ಅಂತ ನನಗೆ ಚೆನ್ನಾಗಿ ಗೊತ್ತು. ಪಕ್ಕದ ಬೆಂಚಿನವರ ರೀಡಿಂಗ್ ನೋಡಿ ಬರೆದುಕೊಂಡು ಸಹಿ ಹಾಕಿಸ್ತಿದ್ವಿ. ಇವರಿಬ್ಬರೂ ಆ ತಡಕ್ಕೆ ಕಾರಣ ಹುಡುಕಿದರು. ಸ್ನಾಯುವಿನಲ್ಲಿ ಯಾವುದೋ ಒಂದು ವಸ್ತು ರಂಜಕವನ್ನು ಸಡಿಲವಾಗಿ ಹಿಡಿದುಕೊಂಡಿದೆ, ಪರೀಕ್ಷೆಯ ಆಮ್ಲ ತಾಗಿದಾಗ ಅದು ಒಡೆದು ರಂಜಕವನ್ನು ಸ್ವಲ್ಪಸ್ವಲ್ಪವೇ ಬಿಟ್ಟುಕೊಡುತ್ತಿದೆ. ಅದನ್ನು ಬೇರ್ಪಡಿಸಿ ನೋಡಿದರೆ ಕ್ರಿಯಾಟಿನ್ ಜೊತೆ ರಂಜಕ ಕೂಡಿದ ಫಾಸ್ಫೊಕ್ರಿಯಾಟಿನ್. 1927ರಲ್ಲಿ ಪ್ರಕಟಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ಎಗಲ್‌ಟನ್ ದಂಪತಿಗಳೂ ಈ ವಸ್ತುವಿನ ಬೆನ್ನು ಹಿಡಿದಿದ್ದರು.

ಇದೇಕೆ ದೊಡ್ಡ ವಿಷಯ? ಸ್ನಾಯು ಸಂಕುಚಿಸೋದು ಲ್ಯಾಕ್ಟಿಕ್ ಆಮ್ಲದಿಂದ ಅನ್ನೋದು ಆಗಿನ ನಂಬಿಕೆ. ಸ್ನಾಯುವಿನ ಶಾಖ ಮತ್ತು ಲ್ಯಾಕ್ಟಿಕ್ ಆಮ್ಲದ ಮೇಲಿನ ಕೆಲಸಕ್ಕೇ ಹಿಲ್ ಮತ್ತು ಮೇಯರ್‌ಹಾಫ್ ಅವರಿಗೆ 1922ರ ನೊಬೆಲ್ ಸಿಕ್ಕಿತ್ತು. ಈಗ ನೋಡಿದರೆ ಸ್ನಾಯು ಕೆಲಸ ಮಾಡುವಾಗ ಫಾಸ್ಫೊಕ್ರಿಯಾಟಿನ್ ಖರ್ಚಾಗುತ್ತೆ, ವಿಶ್ರಾಂತಿಯಲ್ಲಿ ಮತ್ತೆ ತುಂಬಿಕೊಳ್ಳುತ್ತೆ. ಡೆನ್ಮಾರ್ಕಿನ ಲುಂಡ್ಸ್‌ಗಾರ್ಡ್ ಲ್ಯಾಕ್ಟಿಕ್ ಆಮ್ಲ ತಯಾರಾಗದಂತೆ ತಡೆದರೂ ಸ್ನಾಯು ಸಂಕುಚಿಸುತ್ತೆ ಅಂತ 1930ರಲ್ಲಿ ತೋರಿಸಿದಾಗ ಹಳೆಯ ಸಿದ್ಧಾಂತ ಕುಸಿಯಿತು.

1929ರಲ್ಲಿ ಇನ್ನೂ ದೊಡ್ಡದು. ಅಡೆನೊಸಿನ್ ಎಂಬ ಅಣುವಿಗೆ ಮೂರು ರಂಜಕದ ಗುಂಪುಗಳು ಸರಪಳಿಯಂತೆ ಅಂಟಿಕೊಂಡ ವಸ್ತು, ನಾವು ಪಿಯುಸಿಯಲ್ಲಿ ಉರು ಹೊಡೆದ ಎಟಿಪಿ. ಜೀವಕೋಶದ ನಗದು. ದಿನಕ್ಕೆ ಹೆಚ್ಚುಕಡಿಮೆ ನಮ್ಮ ತೂಕದಷ್ಟೇ ಎಟಿಪಿಯನ್ನು ನಮ್ಮ ಮೈ ಒಡೆದು ಮತ್ತೆ ಕಟ್ಟುತ್ತೆ. ಇದನ್ನು ಸುಬ್ಬರಾಯರೊಬ್ಬರೇ ಕಂಡುಹಿಡಿದರು ಅನ್ನುತ್ತೆ ಫಾರ್ವರ್ಡು. ಹಾಗಲ್ಲ. ಜರ್ಮನಿಯ ಕಾರ್ಲ್ ಲೋಮನ್ ಅವರ ಪ್ರಬಂಧ ಆ ವರ್ಷದ ಆಗಸ್ಟಿನಲ್ಲೇ ಬಂದಿತ್ತು. ಫಿಸ್ಕ್ ಮತ್ತು ಸುಬ್ಬರಾಯರದು ಅಕ್ಟೋಬರಿನಲ್ಲಿ. ಎರಡು ಕಡೆ ಎರಡು ದಾರಿಯಲ್ಲಿ ನಡೆದ ಸ್ವತಂತ್ರ ಶೋಧ ಅದು. ಎರಡು ತಿಂಗಳು ಹಿಂದೆ ಬಿದ್ದದ್ದರಿಂದ ಇವರ ಕೆಲಸದ ತೂಕ ಕಡಿಮೆಯಾಗೋದಿಲ್ಲ, ಲೋಮನ್ ಹೆಸರು ಅಳಿಸಿದರೆ ಹೆಚ್ಚಾಗೋದೂ ಇಲ್ಲ.

ನಿಜವಾಗಿ ಅನ್ಯಾಯ ಆಗಿದ್ದು ಹಾರ್ವರ್ಡ್‌ನ ಒಳಗೆ. 1930ರಲ್ಲಿ ಪಿಎಚ್‌ಡಿ ಬಂತು. ಅಷ್ಟು ಹೊತ್ತಿಗೆ ಪಠ್ಯಪುಸ್ತಕ ಬದಲಿಸುವಂಥ ಕೆಲಸ ಮಾಡಿಯಾಗಿತ್ತು. ಮುಂದಿನ ಹತ್ತು ವರ್ಷ ಅಲ್ಲೇ ಕಿರಿಯ ಹುದ್ದೆಯಲ್ಲಿ ದುಡಿದರೂ ಕಾಯಂ ನೌಕರಿ ಸಿಗಲಿಲ್ಲ. ಅದೇ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಜಾರ್ಜ್ ಹಿಚಿಂಗ್ಸ್ 1988ರಲ್ಲಿ ನೊಬೆಲ್ ಪಡೆದವರು. ಸುಬ್ಬರಾವ್ ಆಗಲೇ ಬೇರ್ಪಡಿಸಿದ್ದ ಕೆಲವು ನ್ಯೂಕ್ಲಿಯೊಟೈಡುಗಳನ್ನು ಎಷ್ಟೋ ವರ್ಷದ ನಂತರ ಬೇರೆಯವರು ಹೊಸದಾಗಿ ಕಂಡುಹಿಡಿಯಬೇಕಾಯಿತು, ಯಾಕೆಂದರೆ ಅಸೂಯೆಯಿಂದಲೋ ಏನೋ ಫಿಸ್ಕ್ ಆ ಕೆಲಸವನ್ನು ಹೊರಗೆ ಬಿಡಲಿಲ್ಲ ಅನ್ನೋದು ಅವರ ನೆನಪು. ಕಚೇರಿಗಳಲ್ಲಿ ಕೆಲಸ ಮಾಡಿದ ಯಾರಿಗಾದರೂ ಇದನ್ನು ವಿವರಿಸಬೇಕಾಗಿಲ್ಲ ಅಂದ್ಕೊಂಡಿದ್ದೇನೆ.

ಆ ಹತ್ತು ವರ್ಷಗಳಲ್ಲಿ ಅವರ ಗಮನ ಪಿತ್ತಜನಕಾಂಗದ ಕಡೆಗೆ ತಿರುಗಿತ್ತು. ಹಸಿ ಲಿವರ್ ತಿನ್ನಿಸಿದರೆ ಮಾರಕ ರಕ್ತಹೀನತೆಯ ರೋಗಿಗಳು ಬದುಕುತ್ತಾರೆ ಅನ್ನೋದು ಗೊತ್ತಾಗಿತ್ತು, ಅದಕ್ಕೆ 1934ರ ನೊಬೆಲ್ಲೂ ಬಂದಿತ್ತು. ಲಿವರಿನಲ್ಲಿ ಅಂಥದ್ದೇನಿದೆ ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಇದಕ್ಕೆ ಒಂದು ಭಾರತದ ಎಳೆಯೂ ಇದೆ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳ ಬಡ ಬಸುರಿ ಹೆಂಗಸರ ರಕ್ತಹೀನತೆಯನ್ನು ಅಧ್ಯಯನ ಮಾಡಿದ್ದರು. ಯೀಸ್ಟಿನ ಸಾರವಾದ ಮಾರ್ಮೈಟ್ ಕೊಟ್ಟರೆ ಅದು ವಾಸಿಯಾಗುತ್ತೆ ಅಂತ ತೋರಿಸಿದ್ದರು. ಯೀಸ್ಟಿನಲ್ಲಿದ್ದ ಆ ಅಜ್ಞಾತ ಅಂಶವೇ 1941ರಲ್ಲಿ ಪಾಲಕ್ ಸೊಪ್ಪಿನಿಂದ ಬಂದು ಫೋಲಿಕ್ ಆಸಿಡ್ ಅಂತ ಹೆಸರು ಪಡೆಯಿತು. ಎಲೆಯಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು. ಟನ್‌ಗಟ್ಟಲೆ ಸೊಪ್ಪು ಅರೆದರೂ ಸಿಗೋದು ಚಿಟಿಕೆ. ಔಷಧವಾಗಿ ಜನರಿಗೆ ಮುಟ್ಟಬೇಕಾದರೆ ಅದನ್ನು ಕಾರ್ಖಾನೆಯಲ್ಲಿ ತಯಾರಿಸೋದು ಗೊತ್ತಾಗಬೇಕಿತ್ತು.

1940ರಲ್ಲಿ ಸುಬ್ಬರಾವ್ ಹಾರ್ವರ್ಡ್ ಬಿಟ್ಟು ಪರ್ಲ್ ರಿವರ್ ಎಂಬ ಊರಿನ ಲೆಡರ್ಲಿ ಔಷಧ ಕಂಪನಿಗೆ ಸೇರಿದರು. ಸ್ವಲ್ಪ ಸಮಯದಲ್ಲೇ ಇಡೀ ಸಂಶೋಧನೆಯ ಮುಖ್ಯಸ್ಥರಾದರು. ಗೆಳೆಯರು ಅವರನ್ನು ಕರೀತಿದ್ದದ್ದು ಯಲ್ಲಾ ಅಂತ. ಅಲ್ಲಿ ನಡೆದದ್ದನ್ನೆಲ್ಲ ನೋಡಿದರೆ ಕನ್ನಡದ ಕಿವಿಗೆ ಆ ಹೆಸರು ಸರಿಯಾಗೇ ಕೇಳುತ್ತೆ.

ಅವರ ತಂಡ 1945ರ ಹೊತ್ತಿಗೆ ಫೋಲಿಕ್ ಆಸಿಡ್ ಅನ್ನು ರಾಸಾಯನಿಕವಾಗಿ ತಯಾರಿಸಿತು. ರಚನೆಯ ಪ್ರಬಂಧ 1946ರಲ್ಲಿ ಬಂದಾಗ ಅದರ ಮೇಲೆ 16 ಹೆಸರುಗಳಿದ್ದವು. ಸುಬ್ಬರಾಯರದು ಏಳನೆಯದು. ಇವತ್ತು ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ ಕಬ್ಬಿಣದ ಜೊತೆ ಕೊಡೋದು ಅದನ್ನೇ, ನಮ್ಮಮ್ಮನ ಮಂಗಳವಾರದ ಖಾನೆಯಲ್ಲಿರೋದೂ ಅದನ್ನೇ.

ಅದೇ ಕಾಲದಲ್ಲಿ ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ಲೆಡರ್ಲಿಯಲ್ಲಿದ್ದರು. ವಿಶ್ವವಿದ್ಯಾಲಯದಿಂದ ನಿವೃತ್ತರಾಗಿ ಎಪ್ಪತ್ತು ದಾಟಿದ ಮುದುಕರು. ಬೇರೆ ಬೇರೆ ಊರಿನ ಮಣ್ಣು ತರಿಸಿ ಅದರಲ್ಲಿ ಔಷಧ ಹುಡುಕೋದು ಅವರ ಕೆಲಸ. ಮಿಸೌರಿಯ ಹೊಲವೊಂದರ ಮಣ್ಣಿನಿಂದ ಬಂದ ಸೂಕ್ಷ್ಮಜೀವಿಯಲ್ಲಿ ಬಂಗಾರದ ಬಣ್ಣದ ಆರಿಯೊಮೈಸಿನ್ ಸಿಕ್ಕಿತು. ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಆಂಟಿಬಯಾಟಿಕ್ ಅದು. 1948ರಲ್ಲಿ ಹೊರಬಂತು.

ಈಗ ಆ ಸ್ಪ್ರೂಗೆ ವಾಪಸ್ ಬರ್ತೀನಿ. ಟ್ರಾಪಿಕಲ್ ಸ್ಪ್ರೂಗೆ ಇವತ್ತು ಡಾಕ್ಟರುಗಳು ಬರೆಯುವ ಚಿಕಿತ್ಸೆ ಏನು ಗೊತ್ತೇ? ಫೋಲಿಕ್ ಆಸಿಡ್ ಮತ್ತು ಟೆಟ್ರಾಸೈಕ್ಲಿನ್. ಮದ್ರಾಸ್ ಪ್ರಾಂತ್ಯದ ಒಂದು ಮನೆಯಲ್ಲಿ ಇಬ್ಬರನ್ನು ಕೊಂದ ಕಾಯಿಲೆಯ ಎರಡೂ ಮದ್ದುಗಳ ಬೇರು ಉಳಿದ ಸಹೋದರನ ಪ್ರಯೋಗಾಲಯದಲ್ಲಿದೆ. ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿ ಕೂತಿದ್ದೆ.

ಇನ್ನೊಂದು ಔಷಧ ನಮಗೆ ಇನ್ನೂ ಹತ್ತಿರದ್ದು. ಬೀದರ್, ಕಲಬುರಗಿ, ಯಾದಗಿರಿ ಕಡೆಯವರು ಆನೆಕಾಲು ರೋಗದ ಮಾತ್ರೆ ನುಂಗಿಸೋಕೆ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರನ್ನು ನೋಡಿರುತ್ತೀರಿ. ಡಿಇಸಿ ಎಂಬ ಆ ಮಾತ್ರೆ 1947ರಲ್ಲಿ ಹೆಟ್ರಾಜಾನ್ ಅನ್ನೋ ಹೆಸರಿನಲ್ಲಿ ಬಂದದ್ದು ಇದೇ ಲೆಡರ್ಲಿಯಿಂದ. ಊದಿದ ಕಾಲನ್ನು ಅದು ಇಳಿಸೋದಿಲ್ಲ, ರಕ್ತದಲ್ಲಿನ ಮರಿಹುಳುಗಳನ್ನು ಕೊಂದು ರೋಗ ಹರಡದಂತೆ ತಡೆಯುತ್ತೆ.

ಭಾನುವಾರದ ಮಾತ್ರೆಯ ಕಥೆ ಶುರುವಾಗೋದು ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ. ಅಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗಶಾಸ್ತ್ರಜ್ಞ ರಕ್ತ ಕ್ಯಾನ್ಸರ್ ಆದ ಮಕ್ಕಳನ್ನು ನೋಡುತ್ತಿದ್ದರು. ಆಗ ಆ ಕಾಯಿಲೆ ಅಂದರೆ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಲೆಡರ್ಲಿಯಿಂದ ಬಂದ ಫೋಲಿಕ್ ಆಸಿಡಿನ ಸಂಯುಕ್ತಗಳನ್ನು ಕೊಟ್ಟು ನೋಡಿದರು. ಕಾಯಿಲೆ ಇನ್ನೂ ವೇಗವಾಗಿ ಹೆಚ್ಚಿದಂತೆ ಕಂಡಿತು. ಭಯಾನಕ ಫಲಿತಾಂಶ. ಆದರೆ ಅದೇ ಒಂದು ಸುಳಿವು. ಇದು ಕ್ಯಾನ್ಸರ್ ಕೋಶಕ್ಕೆ ಆಹಾರವಾದರೆ, ಇದರ ವೇಷ ಹಾಕಿ ದಾರಿಗೆ ಅಡ್ಡ ನಿಲ್ಲುವ ಅಣುವೊಂದು ಆ ಕೋಶವನ್ನು ಉಪವಾಸ ಕೆಡವಬಹುದಲ್ಲ? ಅಂಥ ಅಣುಗಳನ್ನು ತಯಾರಿಸುತ್ತಿದ್ದದ್ದೂ ಸುಬ್ಬರಾಯರ ವಿಭಾಗವೇ. ಅಮಿನಾಪ್ಟೆರಿನ್ ಎಂಬ ಅಣುವನ್ನು ಕಳಿಸಿಕೊಟ್ಟರು. 1948ರ ಜೂನಿನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯ ಪ್ರಕಾರ 16 ಮಕ್ಕಳಲ್ಲಿ 10 ಮಂದಿ ಸ್ವಲ್ಪ ಕಾಲ ಚೇತರಿಸಿಕೊಂಡರು. ಆಮೇಲೆ ಕಾಯಿಲೆ ಮರಳಿತು. ಅದನ್ನು ವಾಸಿಯಾಯಿತು ಅಂತ ಬರೆಯೋದು ಸುಳ್ಳು. ಆದರೆ ರಕ್ತ ಕ್ಯಾನ್ಸರನ್ನು ಔಷಧದಿಂದ ಹಿಂದಕ್ಕೆ ತಳ್ಳಬಹುದು ಅನ್ನೋದು ಅಲ್ಲಿ ಮೊದಲ ಸಲ ಸ್ಪಷ್ಟವಾಗಿ ಕಂಡಿತು. ಅಮಿನಾಪ್ಟೆರಿನ್‌ನ ತಮ್ಮನೇ ಮೆಥೊಟ್ರೆಕ್ಸೇಟ್. 1950ರ ದಶಕದ ಮಧ್ಯದಲ್ಲಿ ಕೋರಿಯೊಕಾರ್ಸಿನೋಮ ಎಂಬ ಕ್ಯಾನ್ಸರನ್ನು ಪೂರ್ತಿ ವಾಸಿ ಮಾಡಿದ್ದು ಅದು.

ಅಮಿನಾಪ್ಟೆರಿನ್ ತಯಾರಿಕೆಯ ಪ್ರಬಂಧದ ಮೇಲಿರೋದು ಸೀಗರ್, ಸ್ಮಿತ್, ಹಲ್ಟ್‌ಕ್ವಿಸ್ಟ್ ಎಂಬ ಮೂರು ಹೆಸರುಗಳು. ಸುಬ್ಬರಾಯರ ಹೆಸರಿಲ್ಲ. ಇದನ್ನು ಕೆಲವರು ಪಿತೂರಿ ಅಂತಾರೆ. ನನಗೆ ಹಾಗೆ ಕಾಣೋದಿಲ್ಲ. ಅಣುವನ್ನು ಕೈಯಾರೆ ಕಟ್ಟಿದವರು ಆ ಮೂವರು, ಯಾವ ದಾರಿ ಹಿಡಿಯಬೇಕು ಅಂತ ನಿಶ್ಚಯಿಸಿ ಜನ, ಹಣ ಒದಗಿಸಿದ್ದು ಮುಖ್ಯಸ್ಥ. ಕೆಳಗಿನವರ ಪ್ರತಿ ಪ್ರಬಂಧಕ್ಕೂ ತನ್ನ ಹೆಸರು ತುರುಕುವ ಬಾಸುಗಳನ್ನು ಕಂಡ ನಮಗೆ ಇದು ವಿಚಿತ್ರ ಅನಿಸಬಹುದು, ಅಷ್ಟೇ. ಹೆಸರಿಗಾಗಿ ಫಿಸ್ಕ್ ಹತ್ತಿರ ಅನುಭವಿಸಿದವರು ತಮ್ಮ ಕೈಕೆಳಗಿನವರಿಗೆ ಅದನ್ನು ಮಾಡಲಿಲ್ಲ ಅಂತ ನಾನು ಓದಿಕೊಳ್ಳುತ್ತೇನೆ. ಈಗ ಎಲ್ಲವನ್ನೂ ಅವರೊಬ್ಬರ ಖಾತೆಗೆ ಬರೆಯುವ ಫಾರ್ವರ್ಡು ಸೀಗರ್‌ಗೆ, ಡಗ್ಗರ್‌ಗೆ, ಲೂಸಿ ವಿಲ್ಸ್‌ಗೆ ಮಾಡೋದು ಫಿಸ್ಕ್ ಮಾಡಿದ್ದನ್ನೇ.

ಫಾರ್ಬರ್ ವರದಿ ಬಂದು ಎರಡು ತಿಂಗಳಾಗಿತ್ತು. ಆಗಸ್ಟಿನ ಒಂದು ರಾತ್ರಿ ನಿದ್ದೆಯಲ್ಲೇ ಹೃದಯಾಘಾತ. ವಯಸ್ಸು 53. ಅಮೆರಿಕದ ಕಾನೂನು 1946ರಲ್ಲಿ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದಿದ್ದರೂ ಅವರು ಪೌರತ್ವ ಪಡೆದಿರಲಿಲ್ಲ.

ಹಾಗಾದರೆ ಕ್ಯಾನ್ಸರಿನ ಔಷಧ ಅಮ್ಮನ ಬೆರಳಿಗೆ ಬಂದದ್ದು ಹೇಗೆ? ರಿಚರ್ಡ್ ಗಬ್ನರ್ ಎಂಬ ಅಮೆರಿಕದ ವೈದ್ಯ 1951ರಲ್ಲೇ ಅಮಿನಾಪ್ಟೆರಿನ್ ಕೊಟ್ಟರೆ ಕೀಲುಗಳ ಊತ ಇಳಿಯುತ್ತೆ, ಸೋರಿಯಾಸಿಸ್ ಕೂಡ ಕಡಿಮೆಯಾಗುತ್ತೆ ಅಂತ ವರದಿ ಮಾಡಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಎಲ್ಲರ ಕಣ್ಣೂ ಕಾರ್ಟಿಸೋನ್ ಮೇಲೆ. ಸುಬ್ಬರಾವ್ ಸತ್ತ ಮರುತಿಂಗಳು, ಅಂದರೆ 1948ರ ಸೆಪ್ಟೆಂಬರಿನಲ್ಲಿ, ಮೇಯೊ ಕ್ಲಿನಿಕ್ಕಿನಲ್ಲಿ ಸಂಧಿವಾತದ ರೋಗಿಗೆ ಮೊದಲ ಸಲ ಅದನ್ನು ಚುಚ್ಚಿದ್ದರು. ನಡೆಯಲಾಗದವರು ಎದ್ದು ನಡೆದರು. 1950ರಲ್ಲೇ ನೊಬೆಲ್. ಸ್ಟೀರಾಯ್ಡಿನ ಸಾಲ ಎಷ್ಟು ಬಡ್ಡಿಯದು ಅಂತ ಜನರಿಗೆ ತಿಳಿಯೋಕೆ ಇನ್ನಷ್ಟು ವರ್ಷ ಬೇಕಾದವು. ಮೆಥೊಟ್ರೆಕ್ಸೇಟ್ ಮತ್ತೆ ಬಂದದ್ದು ಎಪ್ಪತ್ತು, ಎಂಬತ್ತರ ದಶಕದಲ್ಲಿ. ಅಮೆರಿಕದ ಔಷಧ ಇಲಾಖೆ ಸಂಧಿವಾತಕ್ಕೆ ಒಪ್ಪಿಗೆ ಕೊಟ್ಟಿದ್ದು 1988ರಲ್ಲಿ. ಅಣು ಹುಟ್ಟಿ ನಾಲ್ಕು ದಶಕ ಆಗಿತ್ತು.

ಆದರೂ ಒಂದು ಗೋಜಲು ಉಳಿದಿತ್ತು. ಸಂಧಿವಾತಕ್ಕೆ ಕೊಡೋ ಪ್ರಮಾಣ ಕ್ಯಾನ್ಸರಿನದಕ್ಕೆ ಹೋಲಿಸಿದರೆ ತೀರಾ ಕಡಿಮೆ. ಅದರ ಜೊತೆಗೆ ಫೋಲಿಕ್ ಆಸಿಡನ್ನೂ ಕೊಡ್ತಾರೆ, ಆದರೂ ಔಷಧ ಕೆಲಸ ಮಾಡುತ್ತೆ. ಬರೀ ಕೋಶವನ್ನು ಉಪವಾಸ ಕೆಡವೋದೇ ಇದರ ಕೆಲಸವಾಗಿದ್ದರೆ ಹೀಗಾಗಬಾರದು. ನ್ಯೂಯಾರ್ಕಿನ ಬ್ರೂಸ್ ಕ್ರೋನ್‌ಸ್ಟೈನ್ ಮತ್ತು ಜೊತೆಗಾರರು ತೊಂಬತ್ತರ ದಶಕದಲ್ಲಿ ಒಂದು ಉತ್ತರ ಮುಂದಿಟ್ಟರು. ಅದನ್ನು ಅರ್ಥ ಮಾಡಿಕೊಳ್ಳೋಕೆ ಎಟಿಪಿ ಜೀವಕೋಶದ ಹೊರಗೆ ಏನು ಮಾಡುತ್ತೆ ಅಂತ ನೋಡಬೇಕು.

ಆರೋಗ್ಯವಾಗಿರುವ ಕೋಶದ ಒಳಗೆ ಎಟಿಪಿ ತುಂಬಿ ತುಳುಕುತ್ತೆ, ಹೊರಗೆ ಇಲ್ಲವೆನ್ನುವಷ್ಟು ಕಡಿಮೆ. ಕೋಶಕ್ಕೆ ಪೆಟ್ಟು ಬಿದ್ದಾಗ, ಅದು ಒಡೆದಾಗ, ಒತ್ತಡಕ್ಕೆ ಸಿಕ್ಕಾಗ ಎಟಿಪಿ ಹೊರಗೆ ಸೋರುತ್ತೆ. ಮನೆಯೊಳಗಿನ ನಗದು ಬೀದಿಯಲ್ಲಿ ಬಿದ್ದಿದ್ದರೆ ಒಳಗೇನೋ ಆಗಿದೆ ಅಂತಲೇ ಅರ್ಥ. ರಕ್ಷಣಾ ಕೋಶಗಳು ಅದನ್ನು ಅಪಾಯದ ಸೂಚನೆಯಾಗಿ ಓದಿ ಉರಿಯೂತ ಹಚ್ಚುತ್ತವೆ. ಎಟಿಪಿ ಹೊರಗಡೆ ಸಂದೇಶವಾಹಕ ಅಂತ ಜೆಫ್ರಿ ಬರ್ನ್‌ಸ್ಟಾಕ್ ಎಪ್ಪತ್ತರ ದಶಕದಲ್ಲಿ ಹೇಳಿದಾಗ ಬಹಳಷ್ಟು ವಿಜ್ಞಾನಿಗಳು ನಂಬಿರಲಿಲ್ಲ. ಹಚ್ಚಿದ ಬೆಂಕಿ ಆರಿಸೋ ವ್ಯವಸ್ಥೆಯೂ ಅಲ್ಲೇ ಇದೆ. ಕೋಶದ ಹೊರಮೈಯಲ್ಲಿರುವ ಕಿಣ್ವಗಳು ಸೋರಿದ ಎಟಿಪಿಯಿಂದ ರಂಜಕವನ್ನು ಒಂದೊಂದಾಗಿ ಕಳಚುತ್ತವೆ. ಮೂರೂ ಕಳಚಿದರೆ ಉಳಿಯೋದು ಬರಿಯ ಅಡೆನೊಸಿನ್. ಅದು ಅದೇ ರಕ್ಷಣಾ ಕೋಶಗಳಿಗೆ ಸಾಕು ಸುಮ್ಮನಿರಿ ಅನ್ನುವ ಸೂಚನೆ. ಕಡಿಮೆ ಪ್ರಮಾಣದ ಮೆಥೊಟ್ರೆಕ್ಸೇಟ್ ಕೋಶದೊಳಗಿನ ಇನ್ನೊಂದು ಕಿಣ್ವವನ್ನು ತಡೆದು, ಊದಿದ ಜಾಗದಲ್ಲಿ ಅಡೆನೊಸಿನ್ ಹೆಚ್ಚುವಂತೆ ಮಾಡುತ್ತೆ ಅನ್ನೋದು ಕ್ರೋನ್‌ಸ್ಟೈನ್ ಅವರ ವಿವರಣೆ. ಅದೊಂದೇ ದಾರಿ ಅಂತ ಎಲ್ಲರೂ ಒಪ್ಪಿಲ್ಲ, ಬೇರೆ ದಾರಿಗಳ ಹುಡುಕಾಟ ನಡೆದೇ ಇದೆ. ಆದರೆ ಈ ದಾರಿಗೆ ಪುರಾವೆ ಚೆನ್ನಾಗಿದೆ.

ಅಂದರೆ ಹಾರ್ವರ್ಡ್‌ನ ಎಟಿಪಿ ಮತ್ತು ಪರ್ಲ್ ರಿವರ್‌ನ ಮೆಥೊಟ್ರೆಕ್ಸೇಟ್, ಎರಡು ಊರು, ಎರಡು ಉದ್ಯೋಗ, ಸುಮಾರು ಇಪ್ಪತ್ತು ವರ್ಷ ಅಂತರದ ಎರಡು ಕೆಲಸಗಳು ಅಮ್ಮನ ಬೆರಳ ಗಿಣ್ಣಿನಲ್ಲಿ ಸೇರಿಕೊಂಡಿವೆ. ಇದು ಅವರಿಗೆ ತಿಳಿಯುವ ಸಾಧ್ಯತೆಯೇ ಇರಲಿಲ್ಲ. ಮುಂದಾಲೋಚನೆ ಅಂತ ಹೊಗಳೋದೂ ತಪ್ಪು. ರಂಜಕವನ್ನು ಸರಿಯಾಗಿ ಅಳೆಯಬೇಕು ಅನ್ನೋ ಹಟದಿಂದ ಶುರುವಾದದ್ದು ಇಲ್ಲಿಗೆ ಬಂದು ಮುಟ್ಟಿದೆ.

1995ರಲ್ಲಿ, ಹುಟ್ಟಿ ನೂರು ವರ್ಷವಾದಾಗ, ಭಾರತ ಸರ್ಕಾರ ಅವರ ಅಂಚೆಚೀಟಿ ತಂದಿತು. ಅದಕ್ಕೂ ಮುಂಚೆ, 1953ರಲ್ಲಿ, ಲೆಡರ್ಲಿಯ ಶಿಲೀಂಧ್ರ ತಜ್ಞರೊಬ್ಬರು ಹೊಸ ಶಿಲೀಂಧ್ರವೊಂದಕ್ಕೆ ಸುಬ್ಬರೋಮೈಸಿಸ್ ಸ್ಪ್ಲೆಂಡೆನ್ಸ್ ಅಂತ ಹೆಸರಿಟ್ಟಿದ್ದರು. ಪತ್ರಕರ್ತ ಎಸ್.ಪಿ.ಕೆ. ಗುಪ್ತಾ ವರ್ಷಗಟ್ಟಲೆ ಬೆನ್ನು ಹತ್ತಿ ಜೀವನಚರಿತ್ರೆ ಬರೆಯದಿದ್ದರೆ ನಮಗೆ ಇಷ್ಟೂ ತಿಳೀತಿರಲಿಲ್ಲ. ನಮ್ಮ ಕಸುಬಿನವರೊಬ್ಬರು ಮಾಡಿದ ಕೆಲಸ ಅಂತ ಕೊಂಚ ಹೆಮ್ಮೆ.

ಶೇಷಗಿರಿಯವರ ವಿಷಯ ಬಾಕಿ ಇದೆ. ಗಂಡ ಹಡಗು ಹತ್ತಿದಾಗ ಅವರು ಬಸುರಿ. ಗಂಡುಮಗು ಹುಟ್ಟಿತು, ಹಸುಳೆಯಾಗಿದ್ದಾಗಲೇ ಸೋಂಕಿನಿಂದ ತೀರಿಕೊಂಡಿತು. ತಂದೆ ಮಗುವಿನ ಮುಖ ನೋಡಲಿಲ್ಲ. ಓದಿಗೆಂದು ಹೋದವರು ತಿರುಗಿ ಭಾರತಕ್ಕೆ ಬರಲಿಲ್ಲ. ಗಂಡ ಹೆಂಡತಿ ಮತ್ತೆ ಭೇಟಿಯಾಗಲಿಲ್ಲ. ಕೆಲಸದ ಹುಚ್ಚು, ಹಣದ ಮುಗ್ಗಟ್ಟು, ಯುದ್ಧ, ಹೀಗೆ ಕಾರಣ ಎಷ್ಟು ಬೇಕಾದರೂ ಹೇಳಬಹುದು. ಕಾಲು ಶತಮಾನಕ್ಕೆ ಅವು ಸಾಕಾಗೋದಿಲ್ಲ ಅಂತ ನನ್ನ ಅನಿಸಿಕೆ. ಅಮ್ಮನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಎಟಿಪಿ, ಫೋಲಿಕ್ ಆಸಿಡ್, ಫಾರ್ಬರ್ ಎಲ್ಲಕ್ಕೂ ತಲೆಯಾಡಿಸಿದರು. ಕೊನೆಗೆ ಕೇಳಿದ್ದು ಒಂದೇ, ಆ ಹೆಂಗಸು ಆಮೇಲೆ ಏನು ಮಾಡಿದಳು ಅಂತ. ಭಾನುವಾರ ರಾತ್ರಿ ಅದು, ಊಟ ಆಗಿತ್ತು. ನಾನು ನೀರು ತರೋಕೆ ಎದ್ದೆ.